ಟೆಫ್ಲಾನ್ ವೈರಿನ ಹೊದಿಕೆ ಸುಲಿಯಲು ಲೇಸರ್: ಸಣ್ಣ ಘಟಕಕ್ಕೆ ಹೊಂದುತ್ತದೆಯೇ?

ಪ್ರಶ್ನೆ: ಸೆನ್ಸರ್ ತಯಾರಕ, ಕೊಪ್ಪಳ

ಮಾನ್ಯರೆ, ಕೊಪ್ಪಳದ ಹತ್ತಿರ ಹನ್ನೊಂದು ಜನ ದುಡಿಯುವ ಸಣ್ಣ ಘಟಕ ನಮ್ಮದು. ಉಕ್ಕು ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳಿಗೆ ಬೇಕಾದ ಉಷ್ಣತೆ ಅಳೆಯುವ ಸೆನ್ಸರ್‌ಗಳಿಗೆ ವೈರ್ ಜೋಡಿಸಿ, ತುದಿಗೆ ಲಗ್ (ಜೋಡಣೆಯ ಲೋಹದ ತುಣುಕು) ಒತ್ತಿ ಕೊಡುತ್ತೇವೆ. ಹೆಚ್ಚಾಗಿ ಬಳಸುವುದು 7/0.2 ಅಳತೆಯ ಟೆಫ್ಲಾನ್ ವೈರ್, ಅಂದರೆ 0.2 ಮಿ.ಮೀ. ದಪ್ಪದ ಏಳು ತಾಮ್ರದ ಎಳೆಗಳು, ಅವುಗಳಿಗೆ ಬೆಳ್ಳಿಯ ಲೇಪ, ಮೇಲೆ ಬಿಳಿ ಹೊದಿಕೆ. ಟೆಫ್ಲಾನ್ ಜಾರುವ ವಸ್ತುವಾದ್ದರಿಂದ ಸ್ಟ್ರಿಪ್ಪರಿನ ಹಿಡಿತಕ್ಕೆ ಸರಿಯಾಗಿ ಸಿಗುವುದಿಲ್ಲ. ಬ್ಲೇಡನ್ನು ಇನ್ನಷ್ಟು ಒಳಗೆ ಇಳಿಸಿದರೆ ಎರಡು ಮೂರು ಎಳೆಗಳಿಗೆ ಕಚ್ಚು ಬೀಳುತ್ತದೆ. ಕಚ್ಚು ಬಿದ್ದ ಎಳೆ ನಮ್ಮ ಮೇಜಿನ ಮೇಲೆ ಚೆನ್ನಾಗಿಯೇ ಇರುತ್ತದೆ, ಆದರೆ ಸದಾ ಅದುರುವ ಯಂತ್ರದ ಮೇಲೆ ಕೂತ ಕೆಲವೇ ತಿಂಗಳಲ್ಲಿ ತುಂಡಾಗುತ್ತದೆ. ದೀಪಾವಳಿಯ ನಂತರ ಒಬ್ಬ ಗ್ರಾಹಕರು ಇದೇ ಕಾರಣಕ್ಕೆ ಒಂದು ಪೆಟ್ಟಿಗೆ ಮಾಲನ್ನು ಹಿಂದಕ್ಕೆ ಕಳುಹಿಸಿದರು. ತಪ್ಪು ನಮ್ಮದೇ.

ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆಯ ಬಣ್ಣ ತೆಗೆಯುವ ಹಳೆಯ ಲೇಸರ್ ಯಂತ್ರವೊಂದು ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಪರಿಚಿತರು ಹೇಳುತ್ತಿದ್ದಾರೆ. ಅದನ್ನು ಈ ಕೆಲಸಕ್ಕೆ ಒಗ್ಗಿಸಬಹುದೇ? ಹೊದಿಕೆಯನ್ನೇ ಸುಟ್ಟು ಹಾರಿಸುವ ಕಿರಣಕ್ಕೆ ಅದರ ಕೆಳಗಿನ ತೆಳು ಎಳೆ ಹೇಗೆ ಸಿಕ್ಕದೆ ಉಳಿಯುತ್ತದೆ ಎಂಬುದೂ ನನಗೆ ತಿಳಿದಿಲ್ಲ. ಬಲ್ಲವರು ವಿವರಿಸಬೇಕು.

ಉತ್ತರ 1: ಜೀನ್ಸ್ ಲೇಸರ್ ಆಪರೇಟರ್, ಬಳ್ಳಾರಿ

ಅಂಥ ಯಂತ್ರದ ಮೇಲೆಯೇ ನಾನು ಆರು ವರ್ಷದಿಂದ ಕೆಲಸ ಮಾಡುತ್ತಿರುವುದರಿಂದ ಹೇಳುತ್ತೇನೆ, ದಯವಿಟ್ಟು ಅದನ್ನು ಕೊಳ್ಳಬೇಡಿ. ಅದು ಕಾರ್ಬನ್ ಡೈಆಕ್ಸೈಡ್ ಲೇಸರ್ ಎಂಬುದು ನಿಜ, ವೈರ್ ಸುಲಿಯುವ ಯಂತ್ರಗಳಲ್ಲಿ ಬಹಳಷ್ಟು ಅದೇ ಜಾತಿಯವು ಎಂಬುದೂ ನಿಜ. ಆದರೆ ನಮ್ಮ ಯಂತ್ರ ಒಂದು ಪ್ಯಾಂಟಿನ ಇಡೀ ಕಾಲನ್ನು ಒಂದೇ ನೆಲೆಯಿಂದ ಗೀಚಬೇಕಾದ್ದರಿಂದ ಅದರ ಲೆನ್ಸಿನ ಫೋಕಸ್ ದೂರ ಬಹಳ ಉದ್ದ. ಫೋಕಸ್ ಉದ್ದವಾದಷ್ಟೂ ಕಿರಣದ ಚುಕ್ಕೆ ಅಗಲವಾಗುತ್ತದೆ. ಬಟ್ಟೆಯ ನೀಲಿ ಬಣ್ಣ ಹಾರಿಸಲು ಆ ಚುಕ್ಕೆ ಸಾಕು, ನಿಮ್ಮ ವೈರಿನ ಮೇಲೆ ನೇರವಾದ ಅಂಚು ಬಿಡಿಸಲು ಸಾಲದು.

ಇನ್ನೊಂದು ಮಾತನ್ನು ಯಂತ್ರ ಮಾರುವವರು ಹೇಳುವುದಿಲ್ಲ. ಗಾಜಿನ ಕೊಳವೆಯ ಲೇಸರ್ ಯಾವುದೇ ಇರಲಿ, ಅದನ್ನು ತಂಪಾಗಿಡುವ ನೀರು 20ರಿಂದ 25 ಡಿಗ್ರಿಯೊಳಗೆ ಇರಬೇಕು. ಕಂಪ್ರೆಸರ್ ಇಲ್ಲದೆ ಬರೀ ಫ್ಯಾನಿನ ಮೇಲೆ ನಡೆಯುವ ಅಗ್ಗದ ಚಿಲ್ಲರ್ (ನೀರು ತಣಿಸುವ ಯಂತ್ರ) ಕೋಣೆಯ ಗಾಳಿಗಿಂತ ನೀರನ್ನು ತಣ್ಣಗೆ ಮಾಡಲಾರದು, ಮತ್ತು ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಕೋಣೆಯ ಗಾಳಿ ಎಂಥದೆಂದು ನಿಮಗೆ ಬೇರೆ ಹೇಳಬೇಕಿಲ್ಲ. ಬೋರಿನ ನೀರು ಹಾಕಿದರೆ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ, ಡಿಸ್ಟಿಲ್ಡ್ ನೀರೇ ಬೇಕು.

ಉತ್ತರ 2: ನೇಮ್‌ಪ್ಲೇಟ್ ಅಂಗಡಿ, ಗಂಗಾವತಿ

ಹಾಗಿದ್ದರೆ ಫೈಬರ್ ಲೇಸರ್ ಮಾರ್ಕಿಂಗ್ ಯಂತ್ರ ನೋಡಬಹುದಲ್ಲವೇ? ನಮ್ಮಲ್ಲಿ ಒಂದಿದೆ, ಚುಕ್ಕೆ ಬಹಳ ಸಣ್ಣದು, ನೀರಿನ ಗೊಡವೆಯಿಲ್ಲ, ಸ್ಟೀಲಿನ ಮೇಲೆ ಕೂದಲೆಳೆಯಂಥ ಗೆರೆ ಬರುತ್ತದೆ.

ಉತ್ತರ 3: ನಿವೃತ್ತ ಹಾರ್ನೆಸ್ ಇಂಜಿನಿಯರ್, ರಾಯಚೂರು

ಬೆಂಗಳೂರಿನಲ್ಲಿ ವಿಮಾನಗಳ ವೈರಿಂಗ್ ಹಾರ್ನೆಸ್ (ಒಟ್ಟುಗೂಡಿಸಿ ಕಟ್ಟಿದ ವೈರುಗಳ ಕಂತೆ) ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಇದ್ದವನು ನಾನು. ಗಂಗಾವತಿಯ ಮಿತ್ರರ ಸಲಹೆಯನ್ನು ಮೊದಲು ತಿದ್ದಬೇಕಾಗಿದೆ, ಏಕೆಂದರೆ ಮೂಲ ಪ್ರಶ್ನೆಯ ಉತ್ತರವೂ ಅಲ್ಲಿಯೇ ಇದೆ. ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣದ ತರಂಗಾಂತರ 10.6 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಭಾಗ). ಈ ಕಿರಣವನ್ನು ಟೆಫ್ಲಾನ್, ಪಿವಿಸಿ, ಸಿಲಿಕೋನ್ ಮುಂತಾದ ಹೊದಿಕೆಗಳು ಹೀರಿಕೊಂಡು ಆವಿಯಾಗುತ್ತವೆ. ತಾಮ್ರ ಮತ್ತು ಬೆಳ್ಳಿ ಶೇ. 95ಕ್ಕಿಂತ ಹೆಚ್ಚು ಭಾಗವನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತವೆ. ಆದ್ದರಿಂದ ಹೊದಿಕೆ ಮುಗಿದು ಲೋಹ ಕಂಡೊಡನೆ ಕೊರೆತ ತಾನಾಗಿಯೇ ನಿಲ್ಲುತ್ತದೆ. ಆಳವನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಹೊಂದಿಸುವ ಅಗತ್ಯವೇ ಬರುವುದಿಲ್ಲ. ಫೈಬರ್ ಲೇಸರಿನದು ಸುಮಾರು 1.06 ಮೈಕ್ರಾನ್. ಅದು ಬಿಳಿ ಟೆಫ್ಲಾನಿನೊಳಗೆ ಹಾದುಹೋಗಿ ಲೋಹವನ್ನೇ ಬಿಸಿ ಮಾಡುತ್ತದೆ. ಅದರ ಜಾಗ ಬೇರೆ: ಕೇಬಲಿನ ಶೀಲ್ಡಿನ (ಒಳಗಿನ ವೈರುಗಳನ್ನು ಸುತ್ತುವ ಲೋಹದ ಕವಚ) ಹಾಳೆಯನ್ನು ಕತ್ತರಿಸುವುದು, ಮೋಟಾರ್ ತಂತಿಯ ಮೇಲಿನ ತೆಳು ಲೇಪವಾದ ಎನಾಮೆಲ್ ಕೆರೆಯುವುದು.

ಈ ವಿದ್ಯೆ ಹೊಸತಲ್ಲ. ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಅದರಿಂದ ವೈರ್ ಸುಲಿಯುವ ಪ್ರಯತ್ನವನ್ನು 1970ರ ದಶಕದಲ್ಲಿ ನಾಸಾ ತನ್ನ ಸ್ಪೇಸ್ ಶಟಲ್ ಯೋಜನೆಗಾಗಿ ಮಾಡಿತು, ಕಾರಣವೂ ನಿಮ್ಮದೇ: ಕಚ್ಚು ಬಿದ್ದ ಎಳೆ ಅವರಿಗೆ ಬೇಡವಾಗಿತ್ತು.

ಇಷ್ಟಾದರೂ ತೊಡಕುಗಳಿವೆ. ಕಿರಣ ಬೀಳುವುದು ವೈರಿನ ಒಂದೇ ಮಗ್ಗುಲಿಗೆ. ಆದ್ದರಿಂದ ವೈರನ್ನು ತಿರುಗಿಸಬೇಕು, ಇಲ್ಲವೇ ಎರಡು ಕಡೆಯಿಂದ ಕಿರಣ ಬಿಡಬೇಕು. ಸಾಮಾನ್ಯವಾಗಿ ಲೇಸರ್ ಸುತ್ತಲೂ ಒಂದು ಗೆರೆ ಕತ್ತರಿಸುತ್ತದೆ, ತುದಿಯ ತುಣುಕನ್ನು ಕೈಯಿಂದ ಎಳೆದು ತೆಗೆಯುತ್ತಾರೆ. ಲೋಹದ ಮೈಗೆ ಒತ್ತಿಕೊಂಡ ಅತಿ ತೆಳುವಾದ ಪದರ ಮಾತ್ರ ಕೆಲವು ಹೊದಿಕೆಗಳಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಒಳಗೆ ಹೋಗುವ ಅಲೆ ಮತ್ತು ಲೋಹದಿಂದ ಮರಳುವ ಅಲೆ ಅಲ್ಲಿ ಒಂದನ್ನೊಂದು ಅಳಿಸುವುದರಿಂದ ಆ ಪದರಕ್ಕೆ ಶಾಖ ತಲುಪುವುದಿಲ್ಲ. ಕಣ್ಣಿಗೆ ಅದು ಕಾಣಿಸದು, ಬೆಸುಗೆ ಹಾಕುವಾಗ ಸೀಸ (ಸೋಲ್ಡರ್) ಹಿಡಿಯದೆ ಹೋದಾಗ ಗೊತ್ತಾಗುತ್ತದೆ. ನೀವು ತುಣುಕನ್ನು ಎಳೆದು ತೆಗೆಯುವುದಾದರೆ ಇದು ಕತ್ತರಿಸಿದ ಗೆರೆಯಲ್ಲಿ ಮಾತ್ರ ಉಳಿಯಬಹುದಾದ್ದರಿಂದ ಅಷ್ಟಾಗಿ ಕಾಡುವುದಿಲ್ಲ.

ಹೊಗೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಟೆಫ್ಲಾನ್ ಸುಟ್ಟರೆ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಏಳುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುವುದುಂಟು. ಟೆಫ್ಲಾನ್ ಪುಡಿ ಮೆತ್ತಿದ ಬೆರಳಿನಿಂದ ಬೀಡಿ ಸೇದಿದವನಿಗೂ ಅದೇ ಗತಿ. ಪಿವಿಸಿ ಸುಟ್ಟರೆ ಬರುವ ಹೈಡ್ರೋಜನ್ ಕ್ಲೋರೈಡ್ ಮನುಷ್ಯರ ಜೊತೆಗೆ ಯಂತ್ರವನ್ನೂ ತಿನ್ನುತ್ತದೆ, ಲೆನ್ಸಿನ ಸುತ್ತಲಿನ ಕಬ್ಬಿಣವೆಲ್ಲ ತುಕ್ಕು ಹಿಡಿಯುತ್ತದೆ. ಹೊಗೆ ಎಳೆದು ಶೋಧಿಸುವ ವ್ಯವಸ್ಥೆಯಿಲ್ಲದೆ ಯಂತ್ರವನ್ನು ಚಾಲೂ ಮಾಡಲೇಬಾರದು. ಹಾಗೆಯೇ ತಾಮ್ರ ಎಸೆದ ಕಿರಣ ಎಲ್ಲಿಯಾದರೂ ಹೋಗಲೇಬೇಕಲ್ಲ, ಆದ್ದರಿಂದ ಯಂತ್ರದ ಪೆಟ್ಟಿಗೆ ಪೂರ್ತಿ ಮುಚ್ಚಿರಬೇಕು. 10.6 ಮೈಕ್ರಾನ್ ಕಿರಣವನ್ನು ದಪ್ಪನೆಯ ಅಕ್ರಿಲಿಕ್ ಹಾಳೆ ತಡೆಯುತ್ತದೆ. ಫೈಬರ್ ಲೇಸರಿನ ಕಿರಣ ಅದೇ ಹಾಳೆಯನ್ನು ದಾಟಿ ಕಣ್ಣಿನ ಒಳಪರದೆಯವರೆಗೂ ಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ ಬೇರೆಯೇ. ನೀವು ಬಳಸುತ್ತಿರುವುದು ಎಲ್ಲ ಅಳತೆಗೂ ಒಂದೇ ಎನ್ನುವ ವಿ ಆಕಾರದ ಬ್ಲೇಡ್ ಎಂದು ಊಹಿಸುತ್ತೇನೆ. ನಿಮ್ಮ ವೈರಿನ ಅಳತೆಗೇ ರಂಧ್ರ ಕೊರೆದ ಬ್ಲೇಡ್, ಅಥವಾ ಬ್ಲೇಡನ್ನು ಬಿಸಿ ಮಾಡಿ ಹೊದಿಕೆ ಬಿಡಿಸುವ ಥರ್ಮಲ್ ಸ್ಟ್ರಿಪ್ಪರ್ ಮೊದಲು ನೋಡಿ. ಅದಕ್ಕೂ ಎಕ್ಸಾಸ್ಟ್ ಬೇಕು, ಬೆಲೆ ಮಾತ್ರ ಲೇಸರಿನ ಹತ್ತಿರಕ್ಕೂ ಬರುವುದಿಲ್ಲ.

ಉತ್ತರ 4: ಮೋಟಾರ್ ವೈಂಡಿಂಗ್, ಸಿಂಧನೂರು

ಎನಾಮೆಲ್ ಮಾತು ಬಂದದ್ದರಿಂದ ಒಂದು ಸಾಲು ಸೇರಿಸುತ್ತೇನೆ. ಎಲೆಕ್ಟ್ರಿಕ್ ವಾಹನಗಳ ಮೋಟಾರಿನಲ್ಲಿ ಚಪ್ಪಟೆ ತಾಮ್ರದ ನೂರಾರು ತುದಿಗಳಿರುವುದರಿಂದ ಅಲ್ಲಿ ಲೇಸರಿನಿಂದ ಎನಾಮೆಲ್ ತೆಗೆಯುತ್ತಾರೆ. ರೈಸ್ ಮಿಲ್ಲಿನ ಒಂದು ಮೋಟಾರಿನಲ್ಲಿ ನಾನು ಕೆರೆಯಬೇಕಾದ ತುದಿಗಳು ಬೆರಳೆಣಿಕೆಯಷ್ಟು. ನನಗೆ ಚಾಕು ಮತ್ತು ಎಮರಿ ಕಾಗದವೇ ಸಾಕಾಗಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಂಜಿನಿಯರ್ ಸರ್ ಊಹಿಸಿದ್ದು ಸರಿ, ನಮ್ಮದು ವಿ ಬ್ಲೇಡೇ. ಜೀನ್ಸ್ ಯಂತ್ರದ ಮಾತು ಬಿಟ್ಟೆ. ಥರ್ಮಲ್ ಸ್ಟ್ರಿಪ್ಪರಿನಿಂದಲೂ ಲೇಸರಿನಿಂದಲೂ ಸುಲಿಸಿ ನೋಡಲು ನಮ್ಮ ವೈರನ್ನು ಮಾದರಿಗೆ ಕಳುಹಿಸುತ್ತೇನೆ. ಮರಳಿ ಬಂದದ್ದನ್ನು ಪರೀಕ್ಷಿಸುವುದು ಹೇಗೆ ಸರ್?

ನಿವೃತ್ತ ಹಾರ್ನೆಸ್ ಇಂಜಿನಿಯರ್, ರಾಯಚೂರು

ಪ್ರತಿ ವಿಧಾನದಲ್ಲೂ ಕನಿಷ್ಠ ಐವತ್ತು ತುದಿ ಮಾಡಿಸಿ. ಅರ್ಧದಷ್ಟನ್ನು ಹುರಿ ಬಿಚ್ಚಿ, ಏಳೂ ಎಳೆಗಳನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯ ಕೆಳಗೆ ನೋಡಿ; ಬೆಳ್ಳಿಯ ನಡುವೆ ಕೆಂಪು ಗೆರೆ ಕಂಡಲ್ಲಿ ಬ್ಲೇಡ್ ತಾಗಿದೆ ಎಂದರ್ಥ. ಉಳಿದರ್ಧವನ್ನು ಕರಗಿದ ಸೋಲ್ಡರಿನಲ್ಲಿ ಅದ್ದಿ ತೆಗೆಯಿರಿ. ಹೊದಿಕೆಯ ಅಂಚಿನವರೆಗೂ ಸಮನಾಗಿ ಹಿಡಿದಿದ್ದರೆ ಎಳೆ ಶುದ್ಧವಾಗಿದೆ, ಅಂಚಿನಲ್ಲಿ ಬರಿದಾದ ಉಂಗುರ ಉಳಿದಿದ್ದರೆ ಲೇಸರಿನವರು ಇನ್ನೊಂದು ಸುತ್ತು ಹೊಡೆಯಬೇಕು.