ಗೋಧಿ ಬಿಯರ್ ಅರ್ಧಕ್ಕೆ ನಿಂತರೆ: ಬ್ರೂವರ್ ಅಕ್ಕನಲ್ಲಿ ಕೇಳಿ

ಅಡ್ಮಿನ್: ನಮ್ಮ ಕಾಸರಗೋಡಿನ ಕನ್ನಡ ಗ್ರೂಪಿನ ಎಲ್ಲರಿಗೂ ನಮಸ್ಕಾರ. ಹೋದ ಸಲ ಅಡಿಕೆಯ ಕೊಳೆರೋಗದ ಬಗ್ಗೆ ಪ್ರಶ್ನೋತ್ತರ ಆಗಿತ್ತು. ಈ ಸಲದ್ದು ಹೊರದೇಶದಲ್ಲಿರುವ ನಮ್ಮೂರಿನ ಮಕ್ಕಳು ಕೇಳಿಕೊಂಡ ವಿಷಯ, ಕಿಟ್ ತಂದು ಮನೆಯಲ್ಲಿ ಗೋಧಿ ಬಿಯರ್ ಮಾಡುವುದು. ಉತ್ತರ ಹೇಳುವವರು ಮಂಜೇಶ್ವರದ ನಮ್ಮ ಅಕ್ಕ. ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಹನ್ನೊಂದು ವರ್ಷದಿಂದ ಬ್ರೂವರ್. ಈಗ ರಜೆಗೆ ಊರಿಗೆ ಬಂದಿದ್ದಾರೆ.

ಬ್ರೂವರ್ ಅಕ್ಕ: ನಮಸ್ಕಾರ. ಮೊದಲೇ ಹೇಳಿಬಿಡ್ತೇನೆ. ಕೇರಳದಲ್ಲಿ ಲೈಸನ್ಸ್ ಇಲ್ಲದೆ ಮನೆಯಲ್ಲಿ ಬಿಯರ್, ವೈನ್ ಎರಡೂ ಮಾಡುವ ಹಾಗಿಲ್ಲ, ಅಬ್ಕಾರಿ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ಊರಲ್ಲಿರುವವರು ತಿಳ್ಕೊಳ್ಳಲಿಕ್ಕೆ ಓದಿ, ಮಾಡ್ಲಿಕ್ಕೆ ಅಲ್ಲ. ಇಂಗ್ಲೆಂಡಿನಲ್ಲಿ 1963ರಿಂದ ಮನೆಬಳಕೆಗೆ ಲೈಸನ್ಸ್ ಬೇಡ. ಆಸ್ಟ್ರೇಲಿಯಾದಲ್ಲೂ ಮಾಡಬಹುದು. ಲೈಸನ್ಸ್ ಇಲ್ಲದೆ ಭಟ್ಟಿ ಇಳಿಸುವುದು ಎರಡೂ ಕಡೆ ಅಪರಾಧವೇ.

ಹೊಸಂಗಡಿ: ಅಕ್ಕ, ತಲಪಾಡಿ ದಾಟಿ ಮಂಗಳೂರಿನಲ್ಲಿ ದೋಸ್ತಿಯ ಫ್ಲಾಟ್‌ನಲ್ಲಿ ಮಾಡಿದ್ರೆ?

ಬ್ರೂವರ್ ಅಕ್ಕ: ಕರ್ನಾಟಕದಲ್ಲೂ ಲೈಸನ್ಸ್ ಬೇಕು. ಬೇಡ.

ಉಪ್ಪಳ, ಈಗ ಮೆಲ್ಬರ್ನ್: ಅಕ್ಕ, ನನ್ನಲ್ಲಿ ರಿಫ್ರಾಕ್ಟೋಮೀಟರ್ ಉಂಟು. ಶುರುವಿಗೆ 11 ಬ್ರಿಕ್ಸ್ (ನೂರಕ್ಕೆ 11 ಪಾಲು ಸಕ್ಕರೆ) ಇತ್ತು. ಹತ್ತು ದಿನ ಆಯ್ತು, 6ರಲ್ಲಿ ನಿಂತುಬಿಟ್ಟಿದೆ. ಎರಡನೇ ಸಲ ಯೀಸ್ಟ್ ಹಾಕಿದೆ, ಆದ್ರೂ ಅಲುಗಾಡ್ಲಿಲ್ಲ.

ಬ್ರೂವರ್ ಅಕ್ಕ: ನಿಮ್ಮದು ನಿಂತದ್ದಲ್ಲ, ಮುಗಿದದ್ದು. ರಿಫ್ರಾಕ್ಟೋಮೀಟರ್ ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಎಷ್ಟು ಅಂತ ಹೇಳ್ತದೆ. ಆಲ್ಕೋಹಾಲ್ ಸೇರಿದ ಮೇಲೆ ಅದು ಸಕ್ಕರೆಯನ್ನು ಜಾಸ್ತಿ ತೋರಿಸ್ತದೆ. 11ರಿಂದ ಶುರುವಾಗಿ 6 ತೋರಿಸಿದ್ರೆ ಲೆಕ್ಕ ಸರಿಪಡಿಸಿದಾಗ ಬರುವುದು ಹೈಡ್ರೋಮೀಟರಿನ ಅಂಕಿಯಲ್ಲಿ 1.011ರ ಆಸುಪಾಸು (ಬರೀ ನೀರು 1.000, ಸಕ್ಕರೆ ಜಾಸ್ತಿ ಇದ್ದಷ್ಟು ಅಂಕಿ ಜಾಸ್ತಿ). ಗೋಧಿ ಬಿಯರಿಗೆ ಅದು ಸರಿಯಾದ ಕೊನೆ. ಎರಡನೇ ಯೀಸ್ಟ್ ದಂಡ ಆಯ್ತು, ಬೇರೆ ಹಾಳೇನಿಲ್ಲ. ಒಂದು ಹೈಡ್ರೋಮೀಟರ್ ತಗೊಳ್ಳಿ, ಬಿಯರಿನಲ್ಲಿ ತೇಲಿಸಿ ಸಾಂದ್ರತೆ ನೋಡುವ ಗಾಜಿನ ಕೊಳವೆ ಅದು.

ಬದಿಯಡ್ಕ, ಈಗ ಬರ್ಮಿಂಗ್‌ಹ್ಯಾಮ್: ಏರ್‌ಲಾಕ್‌ನಲ್ಲಿ (ಮುಚ್ಚಳದ ಮೇಲೆ ಗ್ಯಾಸ್ ಹೊರಗೆ ಬಿಡುವ ನೀರಿನ ಕೊಳವೆ) ಗುಳ್ಳೆ ನಾಲ್ಕನೇ ದಿನವೇ ನಿಂತಿತು. ಕೆಟ್ಟುಹೋಯ್ತಾ?

ಬ್ರೂವರ್ ಅಕ್ಕ: ಗುಳ್ಳೆ ನೋಡಿ ಏನೂ ಹೇಳ್ಲಿಕ್ಕಾಗುವುದಿಲ್ಲ. ಮುಚ್ಚಳ ಸ್ವಲ್ಪ ಸಡಿಲ ಇದ್ದರೆ ಗ್ಯಾಸ್ ಅಲ್ಲಿಂದಲೇ ಹೋಗ್ತದೆ, ಗುಳ್ಳೆ ಬರುವುದೇ ಇಲ್ಲ. ಹೈಡ್ರೋಮೀಟರ್ ಹಾಕಿ ನೋಡಿ. ಎರಡು ದಿನ ಬಿಟ್ಟು ಮತ್ತೆ ನೋಡಿ. ಅಂಕಿ ಇಳಿದಿದ್ದರೆ ಕೆಲಸ ನಡೀತಾ ಉಂಟು.

ನೀರ್ಚಾಲು, ಈಗ ಲೀಡ್ಸ್: ಅಕ್ಕ ನಮಸ್ಕಾರ. ನಾನು ನಿಮ್ಮ ಕಾಲೇಜೇ, ನಿಮಗಿಂತ ಐದು ವರ್ಷ ಕೆಳಗೆ. 1.7 ಕೆಜಿಯ ಎರಡು ಡಬ್ಬಿ ಗೋಧಿ ಮಾಲ್ಟ್ (ಮೊಳಕೆ ಬರಿಸಿದ ಧಾನ್ಯದ ದಪ್ಪ ಪಾಕ), 23 ಲೀಟರ್ ನೀರು, ಮುಚ್ಚಳದಡಿ ಇದ್ದ 7 ಗ್ರಾಂ ಯೀಸ್ಟ್. ಶುರುವಿನ ರೀಡಿಂಗ್ 1.058. ಪಾತ್ರೆ ಇರುವುದು ಹಿತ್ತಿಲಿನ ಶೆಡ್‌ನಲ್ಲಿ. ಹನ್ನೆರಡನೇ ದಿನ 1.022, ನಾಲ್ಕು ದಿನದಿಂದ ಅದೇ. ಗಟ್ಟಿ ಬಿಯರ್ ಅಲ್ವಾ, 1.022 ಸಾಕು ಅಂತ ಗ್ರಹಿಸಿ ಮೊನ್ನೆ 14 ಬಾಟಲಿ ತುಂಬಿಸಿದೆ, ಒಂದೊಂದಕ್ಕೆ ಅರ್ಧ ಚಮಚ ಸಕ್ಕರೆ ಹಾಕಿ. ಬಾಟಲಿಗಳು ಅಡುಗೆಮನೆಯಲ್ಲಿ, ಬಾಯ್ಲರ್ ಹತ್ತಿರ. ಉಳಿದದ್ದು ಶೆಡ್‌ನಲ್ಲೇ ಉಂಟು. ಅದನ್ನೂ ತುಂಬಿಸಬಹುದಾ?

ಬ್ರೂವರ್ ಅಕ್ಕ: ತಮ್ಮ, ಉಳಿದದ್ದರ ವಿಷಯ ಆಮೇಲೆ. ಮೊದಲು ಆ 14 ಬಾಟಲಿ. ಮನೆಯಲ್ಲಿ ಮಕ್ಕಳುಂಟಾ?

ನೀರ್ಚಾಲು, ಈಗ ಲೀಡ್ಸ್: ಉಂಟು ಅಕ್ಕ, ನಾಲ್ಕು ವರ್ಷದ ಮಗಳು.

ಬ್ರೂವರ್ ಅಕ್ಕ: ಅವಳನ್ನು ಈಗಲೇ ಬೇರೆ ಕೋಣೆಗೆ ಕಳಿಸು, ಅಡುಗೆಮನೆಯ ಬಾಗಿಲು ಹಾಕು. ಆಮೇಲೆ ಓದು.

ಹೈಡ್ರೋಮೀಟರಿನಲ್ಲಿ ಅಂಕಿ ಒಂದು ಗೆರೆ ಇಳಿದರೆ, ಅಂದರೆ 1.022 ಇದ್ದದ್ದು 1.021 ಆದರೆ, ಒಂದು ಲೀಟರ್ ಬಿಯರಿನಿಂದ ಸುಮಾರು ಅರ್ಧ ಲೀಟರ್ ಗ್ಯಾಸ್ ಹುಟ್ತದೆ. ನಿನ್ನ ಬಿಯರ್ ಇಳಿಯಬೇಕಾದದ್ದು 1.012ರವರೆಗೆ. ಹತ್ತು ಗೆರೆ ಬಾಕಿ ಉಂಟು. ಲೀಟರಿಗೆ ಐದು ಲೀಟರ್ ಗ್ಯಾಸ್ ಆಯ್ತು, ಅದರ ಮೇಲೆ ನೀನು ಹಾಕಿದ ಸಕ್ಕರೆಯದ್ದು ಬೇರೆ. ಸಾಮಾನ್ಯ ಬಿಯರ್ ಬಾಟಲಿಯನ್ನು ನಂಬಬಹುದಾದದ್ದು ಲೀಟರಿಗೆ ಮೂರು ಲೀಟರ್ ಗ್ಯಾಸ್‌ವರೆಗೆ ಮಾತ್ರ. ಶೆಡ್‌ನ ಚಳಿಯಲ್ಲಿ ನಿದ್ದೆ ಹೋದ ಯೀಸ್ಟನ್ನು ನೀನು ಬಾಯ್ಲರ್ ಪಕ್ಕ ತಂದು ಎಬ್ಬಿಸಿದ್ದಿ, ಬಾಯಿ ಮುಚ್ಚಿದ ಗಾಜಿನೊಳಗೆ. ಒಡೆಯುವಾಗ ಅದು ಕೈತಪ್ಪಿ ಬಿದ್ದ ಬಾಟಲಿಯ ಹಾಗೆ ಒಡೆಯುವುದಿಲ್ಲ, ಗಾಜಿನ ಚೂರು ಗೋಡೆಗೆ ನಾಟ್ತದೆ. ನಾನು ಕಲಿಯುವಾಗ ಜೊತೆಗಿದ್ದ ಒಬ್ಬರ ಅಂಗೈಯ ನರ ಹೀಗೇ ಕಡಿದದ್ದು ನೋಡಿದ್ದೇನೆ. ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಈಗ ಮಾಡಬೇಕಾದದ್ದು: ದಪ್ಪ ಜಾಕೆಟ್, ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಕುತ್ತಿಗೆಗೆ ದಪ್ಪ ಬಟ್ಟೆ. ಬಾಟಲಿಗಳ ಮೇಲೆ ದಪ್ಪ ಬೈರಾಸು ಹೊದೆಸಿ ಒಂದೊಂದಾಗಿ, ಅಲುಗಾಡಿಸದೆ, ಮುಚ್ಚಳ ಇರುವ ಪ್ಲಾಸ್ಟಿಕ್ ಪೆಟ್ಟಿಗೆಗೆ ಇಡು. ಪೆಟ್ಟಿಗೆ ಫ್ರಿಜ್‌ಗೆ. ಫ್ರೀಜರಿಗೆ ಬೇಡ, ಹೆಪ್ಪುಗಟ್ಟಿದರೆ ಅದರಿಂದಲೇ ಒಡೀತದೆ. ಒಂದು ಇಡೀ ದಿನ ತಣಿಯಲಿ. ತಣಿದ ಬಿಯರ್ ಗ್ಯಾಸನ್ನು ತನ್ನೊಳಗೇ ಹಿಡಿದುಕೊಳ್ತದೆ, ಒತ್ತಡ ಇಳೀತದೆ. ಆಮೇಲೆ ಅದೇ ಕೈಗವಸು, ಕನ್ನಡಕ ಹಾಕಿ, ಬಾಟಲಿಗೆ ಬಟ್ಟೆ ಸುತ್ತಿ, ಸಿಂಕ್‌ನಲ್ಲಿ ಒಂದೊಂದಾಗಿ ಮುಚ್ಚಳ ತೆಗೆದು ಚೆಲ್ಲು. ಪಾತ್ರೆಗೆ ವಾಪಸ್ ಹೊಯ್ಯಬೇಡ, ಗಾಳಿ ಸೇರಿ ಇದ್ದದ್ದೂ ಹಾಳಾಗ್ತದೆ. ಏಳು ಲೀಟರ್ ಹೋಗ್ತದೆ, ಹೋಗಲಿ.

ಮುಗಿಸಿ ಇಲ್ಲಿ ಬರೆ. ಅಲ್ಲಿವರೆಗೆ ನಾನು ಫೋನ್ ಕೆಳಗಿಡುವುದಿಲ್ಲ.

ಮುಳ್ಳೇರಿಯ: ಒಂದು ಮೆಸೇಜ್ ಬಂದದ್ದು ಹಾಕ್ತೇನೆ, ಉಪಯೋಗ ಆದೀತು. "ಹುಳಿ ಬರುವುದು ನಿಂತರೆ ಚಿಂತೆ ಬೇಡ! 20 ಲೀಟರಿಗೆ ಒಂದು ಚಮಚ ಡಿಎಪಿ, ಒಂದು ಸೌಟು ಇಡ್ಲಿ ಹಿಟ್ಟು. ರಾತ್ರಿ ಬೆಳಗಾಗುವಾಗ ಉಕ್ಕಿ ಬರ್ತದೆ. ಹತ್ತು ಜನರಿಗೆ ಕಳಿಸಿ."

ಬ್ರೂವರ್ ಅಕ್ಕ: ದಯವಿಟ್ಟು ಅದನ್ನು ಅಳಿಸಿ. ಬ್ರೂವರಿಗಳಲ್ಲಿ ಯೀಸ್ಟಿಗೆ ಸಾರಜನಕ ಸಿಗಲಿ ಅಂತ ಡಿಎಪಿ ಬಳಸುವುದುಂಟು, ಅದು ಆಹಾರಕ್ಕೆಂದೇ ಶುದ್ಧ ಮಾಡಿದ್ದು, ಗ್ರಾಂ ಲೆಕ್ಕದಲ್ಲಿ. ನೀವು ತೋಟಕ್ಕೆ ಹಾಕುವ 18:46ರ ಚೀಲದ ಗೊಬ್ಬರ ಅದಲ್ಲ. ರಂಜಕದ ಗೊಬ್ಬರದಲ್ಲಿ ಕ್ಯಾಡ್ಮಿಯಂನಂಥ ಲೋಹ ಇರ್ತದೆ, ಕಿಡ್ನಿಯಲ್ಲಿ ಸೇರಿದರೆ ಸುಲಭದಲ್ಲಿ ಹೊರಗೆ ಹೋಗುವುದಿಲ್ಲ. ಇಡ್ಲಿ ಹಿಟ್ಟು ಉಬ್ಬುವುದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ. ಬಿಯರಿಗೆ ಹಾಕಿದರೆ ಹುಳಿಯಾಗ್ತದೆ, ಅಷ್ಟೆ.

ಮುಳ್ಳೇರಿಯ: ನಾನು ಬರೆದದ್ದಲ್ಲ ಅಕ್ಕ, ಬಂದದ್ದನ್ನು ಹಾಕಿದ್ದು.

ಬ್ರೂವರ್ ಅಕ್ಕ: ಓದುವವರಿಗೆ ಅದು ಗೊತ್ತಾಗುವುದಿಲ್ಲ. ಯಾರಾದರೂ ಚೀಲ ಬಿಚ್ಚಿದರೆ ಏನು ಮಾಡುವುದು?

ಕುಂಬಳೆ: "ಹುಳಿ ಬರುವುದು" ಅಂತ ಬರೆಯುವುದೇ ತಪ್ಪು. ಹುದುಗುವಿಕೆ ಅನ್ನುವ ಪದ ಉಂಟಲ್ಲ. ನಾವೇ ಕನ್ನಡ ಸರಿಯಾಗಿ ಬರೆಯದಿದ್ದರೆ ಇನ್ನು ಯಾರು ಬರೀತಾರೆ?

ಪೆರ್ಲ: ದೋಸೆ ಹಿಟ್ಟಿಗೆ ನಿಮ್ಮ ಮನೆಯಲ್ಲಿ "ಹುದುಗಿತು" ಅಂತ ಹೇಳ್ತಾರಾ ಮಾಷ್ಟ್ರೇ? ನನ್ನ ಅಜ್ಜಿ ಹುಳಿ ಬಂತು ಅಂತಲೇ ಹೇಳಿದ್ದು. ಅಜ್ಜಿಯದ್ದು ಕನ್ನಡ ಅಲ್ವಾ?

ಕುಂಬಳೆ: ಮಾತಾಡುವುದು ಬೇರೆ, ಬರೆಯುವುದು ಬೇರೆ. ಶಾಲೆಯಲ್ಲಿ ಕನ್ನಡ ಉಳಿಸ್ಲಿಕ್ಕೆ ಎಷ್ಟು ಒದ್ದಾಡಿದ್ದೇವೆ ಅಂತ ನಿಮಗೆ ಗೊತ್ತಿಲ್ಲ.

ಪೆರ್ಲ: ಗೊತ್ತುಂಟು. ನಾನೂ ಆ ಶಾಲೆಯಲ್ಲೇ ಕಲಿತದ್ದು. ಅಜ್ಜಿಯ ಮಾತು ತಪ್ಪು ಅಂತ ಹೇಳಬೇಡಿ ಅಷ್ಟೆ.

ಬ್ರೂವರ್ ಅಕ್ಕ: ಇದರಲ್ಲಿ ನನ್ನದೂ ಒಂದು ಮಾತು. ದೋಸೆಗೆ ಹುಳಿ ಸರಿ, ಅಲ್ಲಿ ಹುಳಿಯೇ ಬೇಕು. ಬಿಯರಿನಲ್ಲಿ ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವುದು ಒಂದು, ಬ್ಯಾಕ್ಟೀರಿಯಾ ಹುಳಿ ಮಾಡುವುದು ಇನ್ನೊಂದು. ಎರಡಕ್ಕೂ ಒಂದೇ ಪದ ಬಳಸಿದ್ದಕ್ಕೇ ಇಡ್ಲಿ ಹಿಟ್ಟು ಹಾಕುವ ಬುದ್ಧಿ ಬಂದದ್ದು. ಇಲ್ಲಿ ಹುದುಗು ಅನ್ನುವ.

ಬೋವಿಕಾನ: ಕಳ್ಳಿಗೆ ಯಾರೂ ಯೀಸ್ಟ್ ಹಾಕುವುದಿಲ್ಲ, ಅದು ನಿಲ್ಲುವುದೂ ಇಲ್ಲ. ಮತ್ತೆ ಇವರದ್ದು ಯಾಕೆ ನಿಲ್ತದೆ?

ಬ್ರೂವರ್ ಅಕ್ಕ: ಒಳ್ಳೆ ಪ್ರಶ್ನೆ, ಲೀಡ್ಸ್‌ನ ತಮ್ಮನಿಗೂ ಇದರಲ್ಲಿ ಉತ್ತರ ಉಂಟು. ತೆಂಗಿನ ರಸ ಮಡಕೆಗೆ ಬೀಳುವಾಗಲೇ ಅದರಲ್ಲಿ ಕಾಡು ಯೀಸ್ಟ್ ಸೇರ್ತದೆ. ನಮ್ಮ ಸೆಖೆಗೆ ಕೆಲವೇ ಗಂಟೆಯಲ್ಲಿ ಹುದುಗು ಶುರು. ಕಾಸರಗೋಡಿನ ಸಿಪಿಸಿಆರ್‌ಐಯವರು (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕಲ್ಪರಸ, ಅಂದರೆ ಹುದುಗದ ತೆಂಗಿನ ರಸ, ತೆಗೆಯುವಾಗ ಐಸ್ ಇಟ್ಟ ಪೆಟ್ಟಿಗೆಯನ್ನೇ ಮರದ ಮೇಲೆ ಕಟ್ಟುವುದು ಯಾಕೆ? ತಣ್ಣಗಿದ್ದರೆ ಯೀಸ್ಟ್ ಕೆಲಸ ಮಾಡುವುದಿಲ್ಲ, ರಸ ಸಿಹಿಯಾಗೇ ಉಳೀತದೆ. ಲೀಡ್ಸ್‌ನ ಶೆಡ್‌ನಲ್ಲಿ ಆದದ್ದು ಅದೇ. ಅಲ್ಲಿ ಬೇಕಂತ ಮಾಡುವುದು, ಇಲ್ಲಿ ಗೊತ್ತಿಲ್ಲದೆ ಆದದ್ದು.

ಬೋವಿಕಾನ: ಹಾಗಾದ್ರೆ ಗೇರುಹಣ್ಣಿನ ರಸ?

ಬಂದಡ್ಕ, ಈಗ ಡಬ್ಲಿನ್: ಗುಳ್ಳೆ ಬರ್ತಾ ಇಲ್ಲ. ಏನು ಮಾಡುವುದು?

ಬ್ರೂವರ್ ಅಕ್ಕ: ಮೇಲೆ ಹೇಳಿದ್ದೇನೆ. ಹೈಡ್ರೋಮೀಟರ್.

ಮಂಗಲ್ಪಾಡಿ: ಇದನ್ನೆಲ್ಲ ಕುಡಿದ್ರೆ ಕಣ್ಣು ಹೋಗ್ತದೆ. ಮನೆಯಲ್ಲಿ ಮಾಡಿದ್ದರಲ್ಲಿ ಮೆಥನಾಲ್ ಇರ್ತದೆ ಅಂತ ವಿಡಿಯೋ ಬಂದಿದೆ. ಕನ್ನಡ ಗ್ರೂಪಿನಲ್ಲಿ ಕುಡಿತದ ವಿಷಯ ಯಾಕೆ?

ಬ್ರೂವರ್ ಅಕ್ಕ: ಮಾಲ್ಟ್ ಹುದುಗಿದಾಗ ಬರುವ ಮೆಥನಾಲ್ ತೀರಾ ಕಮ್ಮಿ, ಅದರಿಂದ ಕಣ್ಣು ಹೋಗುವುದಿಲ್ಲ. 2000ದಲ್ಲಿ ಕೊಲ್ಲಂ ಜಿಲ್ಲೆಯ ಕಲ್ಲುವಾತುಕ್ಕಲ್‌ನಲ್ಲಿ ಜನ ಸತ್ತದ್ದು ಮೆಥನಾಲ್ ಬೆರೆಸಿದ ಸಾರಾಯಿ ಕುಡಿದು. ಎರಡನ್ನೂ ಒಂದು ಮಾಡಬೇಡಿ. ಕುಡಿಯುವುದು ಒಳ್ಳೇದು ಅಂತ ನಾನು ಎಲ್ಲಿಯೂ ಹೇಳ್ಲಿಲ್ಲ.

ಪೆರ್ಲ: ದೈವಕ್ಕೆ ಕಳ್ಳು ಇಡುವ ಊರು ನಮ್ಮದು. ಇಲ್ಲಿ ಕಳ್ಳಿನ ಹೆಸರು ಎತ್ತಬಾರದಾ?

ಮಂಗಲ್ಪಾಡಿ: ದೈವದ ಹೆಸರು ಇಲ್ಲಿ ತರಬೇಡಿ. ಭಕ್ತಿ ಬೇರೆ, ಚಟ ಬೇರೆ. ಕುಡಿದು ಮನೆ ಹಾಳಾದದ್ದು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ.

ಪೆರ್ಲ: ಅದು ನನಗೆ ಗೊತ್ತಿರ್ಲಿಲ್ಲ. ಆದ್ರೆ ಎಲ್ಲರನ್ನೂ ಚಟದವರು ಅಂತ ಹೇಳುವುದು ಸರಿಯಲ್ಲ.

ಅಡ್ಮಿನ್: ಇಬ್ಬರೂ ಇಲ್ಲಿಗೆ ನಿಲ್ಲಿಸಿ. ದಯವಿಟ್ಟು.

ಆದೂರು, ಈಗ ಟೊರೊಂಟೊ: ಬಾಳೆಹಣ್ಣಿನ ವಾಸನೆ ಬರ್ತಾ ಉಂಟು. ಕೆಟ್ಟಿತಾ?

ಬ್ರೂವರ್ ಅಕ್ಕ: ಇಲ್ಲ. ಗೋಧಿ ಬಿಯರಿನ ಯೀಸ್ಟ್ ಐಸೊಅಮೈಲ್ ಅಸಿಟೇಟ್ ಮಾಡ್ತದೆ, ಹಣ್ಣಾದ ಬಾಳೆಯಲ್ಲಿರುವುದೂ ಅದೇ. ಲವಂಗದ ವಾಸನೆ ಬಂದರೂ ಹೆದರಬೇಡಿ.

ನೀರ್ಚಾಲು, ಈಗ ಲೀಡ್ಸ್: ಅಕ್ಕ, ಬಾಟಲಿ ಎಲ್ಲ ಫ್ರಿಜ್‌ಗೆ ಹೋಯ್ತು. ತೆಗೆಯುವಾಗ ಒಂದರ ಮುಚ್ಚಳ ಉಬ್ಬಿತ್ತು. ಕೈ ನಡುಗಿತು. ಮಗಳು ಅತ್ತೆ ಮನೆಯಲ್ಲಿ ಇದ್ದಾಳೆ.

ಬ್ರೂವರ್ ಅಕ್ಕ: ಸರಿಯಾಗಿ ಮಾಡಿದ್ದಿ. ನಾಳೆ ಸಂಜೆವರೆಗೆ ಮುಟ್ಟಬೇಡ.

ಈಗ ಶೆಡ್‌ನದ್ದು. ಮೊದಲನೇದು, ನಿನ್ನ 1.058 ತಪ್ಪು. ಎರಡು ಡಬ್ಬಿ ಸೇರಿ 3.4 ಕೆಜಿ ಮಾಲ್ಟ್, 23 ಲೀಟರಿಗೆ ಬರುವುದು 1.044ರ ಹತ್ತಿರ. ಮೇಲಿಂದ ತಣ್ಣೀರು ಹೊಯ್ದು ಸರಿಯಾಗಿ ಕಲಸದೆ ಕೆಳಗಿನ ನಳ್ಳಿಯಿಂದ ತೆಗೆದದ್ದಲ್ವಾ? ದಪ್ಪ ಪಾಕ ಅಡಿಯಲ್ಲಿ ಕೂತಿರ್ತದೆ, ಅದರ ಅಂಕಿ ನಿನಗೆ ಸಿಕ್ಕಿದ್ದು. ಅದನ್ನು ನಂಬಿ 1.022 ಸಾಕು ಅಂತ ಗ್ರಹಿಸಿದ್ದಿ. ನಿಜಕ್ಕೂ ಅರ್ಧ ಕೆಲಸ ಮಾತ್ರ ಆದದ್ದು.

ಪಾತ್ರೆಯನ್ನು ಮನೆಯೊಳಗೆ ತಾ. ಸಿಮೆಂಟ್ ನೆಲದ ಮೇಲೆ ಇಡಬೇಡ, ಅಡಿಗೆ ಹಲಗೆ ಹಾಕು, ಸುತ್ತ ಕಂಬಳಿ. ನಿಧಾನ 20, 21 ಡಿಗ್ರಿಗೆ ಬರಲಿ. ಬಾಯ್ಲರ್ ಪಕ್ಕ ಬೇಡ. ಮುಚ್ಚಳ ತೆಗೆಯದೆ ಇಡೀ ಪಾತ್ರೆಯನ್ನು ಮೆಲ್ಲ ತಿರುಗಿಸು, ಅಡಿಯ ಯೀಸ್ಟ್ ಮೇಲೇಳ್ತದೆ. ಸೌಟು ಹಾಕಿ ಕಡೆಯಬೇಡ, ಈ ಹಂತದಲ್ಲಿ ಗಾಳಿ ಸೇರಿದರೆ ಒದ್ದೆ ರಟ್ಟಿನ ರುಚಿ ಬರ್ತದೆ. ಮೂರು ದಿನ ಕಾದು ಅಳತೆ ಮಾಡು. ಇಳಿದಿದ್ದರೆ ಬಿಟ್ಟುಬಿಡು.

ಇಳಿಯದಿದ್ದರೆ ಮಾತ್ರ ಹೊಸ ಯೀಸ್ಟ್. ಪೊಟ್ಟಣ ಬಿಚ್ಚಿ ನೇರ ಸುರಿಯಬೇಡ, ಆಲ್ಕೋಹಾಲ್ ಇರುವಲ್ಲಿ ಒಣ ಯೀಸ್ಟ್ ತಡೆಯುವುದಿಲ್ಲ. ಕುದಿಸಿ ತಣಿಸಿದ ಮಾಲ್ಟ್ ನೀರಿನಲ್ಲಿ ಹಾಕಿ, ನೊರೆ ಎದ್ದ ಮೇಲೆ ಸೇರಿಸು. ಗೋಧಿ ಬಿಯರಿನದ್ದೇ ಯೀಸ್ಟ್, 11 ಗ್ರಾಂ. ಬ್ರೆಡ್ಡಿನದ್ದು ಬೇಡ.

ಮುಳ್ಳೇರಿಯ: ಬ್ರೆಡ್ ಯೀಸ್ಟ್ ಹಾಕಬಹುದು ಅಂತ ಇನ್ನೊಂದು ಮೆಸೇಜ್ ಉಂಟು.

ಬ್ರೂವರ್ ಅಕ್ಕ: ಬೇಡ ಅಂದೆ. ಇನ್ನು ಬಂದ ಮೆಸೇಜ್ ಯಾವುದನ್ನೂ ಇಲ್ಲಿ ಹಾಕಬೇಡಿ. ಒಂದು ಮನೆಯಲ್ಲಿ ಗಾಜು ಒಡೆಯುವುದರಲ್ಲಿತ್ತು, ನಿಮಗೆ ಅದು ಕಾಣ್ಲಿಲ್ವಾ?

ಮುಳ್ಳೇರಿಯ: ಇಷ್ಟು ಜೋರಾಗಿ ಹೇಳಬೇಕಂತಿಲ್ಲ. ವಯಸ್ಸಿಗಾದರೂ ಮರ್ಯಾದೆ ಬೇಡ್ವಾ.

ಕುಂಬಳೆ: ಅಕ್ಕ ಹೇಳಿದ್ದರಲ್ಲಿ ತಪ್ಪಿಲ್ಲ.

ಪೈವಳಿಕೆ, ಈಗ ಬ್ರಿಸ್ಟಲ್: ಗೋಧಿ ಆಗದವರಿಗೆ ಬೇರೆ ಕಿಟ್ ಉಂಟಾ?

ಬದಿಯಡ್ಕ, ಈಗ ಬರ್ಮಿಂಗ್‌ಹ್ಯಾಮ್: ಹೈಡ್ರೋಮೀಟರ್ ತಂದೆ ಅಕ್ಕ. ಆದ್ರೆ ಗುಳ್ಳೆ ಇನ್ನೂ ಇಲ್ಲ.

ಬ್ರೂವರ್ ಅಕ್ಕ: ಅಂಕಿ ಹೇಳಿ. ಗುಳ್ಳೆ ಬೇಡ.

ನೀರ್ಚಾಲು, ಈಗ ಲೀಡ್ಸ್: ಅಕ್ಕ, ಐದು ದಿನ ಆಯ್ತು. 14 ಬಾಟಲಿಯೂ ಖಾಲಿ ಮಾಡಿದೆ, ಯಾರಿಗೂ ಏನೂ ಆಗ್ಲಿಲ್ಲ. ಒಳಗೆ ತಂದ ಪಾತ್ರೆಯಲ್ಲಿ ಮೂರನೇ ದಿನ 1.016 ಇತ್ತು, ಇವತ್ತು 1.012. ಹೊಸ ಯೀಸ್ಟ್ ಬೇಕಾಗ್ಲಿಲ್ಲ.

ಬ್ರೂವರ್ ಅಕ್ಕ: ಒಳ್ಳೇದಾಯ್ತು ತಮ್ಮ. ಇವತ್ತೇ ತುಂಬಿಸಬೇಡ. ನಾಡಿದ್ದು ಒಂದು ಸಲ, ಅದಾಗಿ ಎರಡು ದಿನ ಬಿಟ್ಟು ಇನ್ನೊಂದು ಸಲ ಅಳತೆ ಮಾಡು. ಕೆಲವು ಗೋಧಿ ಯೀಸ್ಟ್‌ಗಳು ಬೇರೆಯವಕ್ಕೆ ಆಗದ ಪಿಷ್ಟದ ತುಂಡನ್ನೂ ಮೆಲ್ಲ ತಿಂತಾ ಹೋಗ್ತವೆ. ಎರಡು ಸಲವೂ ಒಂದೇ ಅಂಕಿ ಬಂದರೆ ಮಾತ್ರ ತುಂಬಿಸು. ಸಕ್ಕರೆ ಚಮಚದಲ್ಲಿ ಬೇಡ, ತೂಕ ಮಾಡಿ, ಲೀಟರಿಗೆ 7 ಗ್ರಾಂ ಮೀರಬಾರದು. ತುಂಬಿಸಿದ ಬಾಟಲಿ ಮುಚ್ಚಳ ಇರುವ ಪೆಟ್ಟಿಗೆಯಲ್ಲೇ ಇರಲಿ. ಮಗಳ ಕೈಗೆ ಸಿಗದ ಕಡೆ.