ಅಮೃತಮತಿಯದು ಪ್ರೀತಿಯಾ, ಮೋಸವಾ?

ತುಮಕೂರಿನ ಎಂಎ ವಿದ್ಯಾರ್ಥಿನಿ:
ನಿನ್ನೆ ಕ್ಲಾಸಲ್ಲಿ ಜನ್ನನ ಯಶೋಧರ ಚರಿತೆ (1209) ಓದಿದೆವು. ರಾಣಿ ಅಮೃತಮತಿ ರಾತ್ರಿ ಹಾಡು ಕೇಳಿಯೇ ಕುರೂಪಿ ಮಾವುತ ಅಷ್ಟಾವಂಕನಿಗೆ ಮನಸ್ಸು ಕೊಡುತ್ತಾಳೆ, ತಡವಾಗಿ ಹೋಗಿದ್ದಕ್ಕೆ ಅವನ ಕೈಲಿ ಒದೆ ತಿಂದರೂ ಬಿಡುವುದಿಲ್ಲ. ಇದನ್ನು ಸುಮ್ನೆ ಮೋಸ ಅಂದುಬಿಡೋದಾ?

ಕೋಲಾರದ ಓದುಗ:
ಮೋಸವೇ ತಂಗಿ. ಗಂಡನಿಗೂ ಅತ್ತೆಗೂ ವಿಷ ಹಾಕಿದಳು ಅಲ್ವಾ?

ಚಿಂತಾಮಣಿ, ನಿವೃತ್ತ ಮೇಷ್ಟ್ರು:
ಗಂಡನಿಗೆ ಮೋಸ, ಸರಿ. ಆದರೆ ಮಾವುತನ ಮೇಲಿನ ಆಸೆ ನಾಟಕವಲ್ಲ. ನನ್ನನ್ನು ಇನ್ನೂ ಜಾಸ್ತಿ ಕಾಡುವುದು ಜನ್ನನದೇ ಅನಂತನಾಥ ಪುರಾಣದ ಚಂಡಶಾಸನ. ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದವನು ಅವನ ಹೆಂಡತಿ ಸುನಂದೆಯನ್ನೇ ಹೊತ್ತೊಯ್ಯುತ್ತಾನೆ, ಅವಳು ಒಲಿಯದಿದ್ದಾಗ ಗಂಡನದೆಂದು ಸುಳ್ಳು ತಲೆ ತೋರಿಸುತ್ತಾನೆ, ಅದನ್ನು ನೋಡಿ ಅವಳ ಪ್ರಾಣವೇ ಹೋಗುತ್ತದೆ. ಆಮೇಲೆ ಅವಳ ಚಿತೆಯಲ್ಲೇ ಇವನೂ ಸುಟ್ಟುಹೋಗುತ್ತಾನೆ! ಕಳ್ಳನೂ ಹೌದು, ಪ್ರೇಮಿಯೂ ಹೌದು. ಏನಂತ ಕರೆಯುತ್ತೀಯಮ್ಮ ಇವನನ್ನು?

ಶಿರಾದಿಂದ:
ಇಬ್ಬರನ್ನೂ ಬಿಡಿ ಸಾರ್. ಪಂಪನ ಆದಿಪುರಾಣದ ಶ್ರೀಮತಿ, ವಜ್ರಜಂಘ ನೋಡಿ. ಮಲಗುವ ಮನೆಯ ಧೂಪದ ಹೊಗೆಗೆ ಉಸಿರುಗಟ್ಟಿ, ತಬ್ಬಿಕೊಂಡೇ ಸತ್ತರು. ನನ್ನ ವೋಟು ಅವರಿಗೆ.

ತುಮಕೂರಿನ ಎಂಎ ವಿದ್ಯಾರ್ಥಿನಿ:
ಮೇಷ್ಟ್ರೇ, ಆ ಸುಳ್ಳು ತಲೆಯ ಭಾಗ ನಾಳೆಯೇ ಲೈಬ್ರರಿಯಲ್ಲಿ ಹುಡುಕುತ್ತೇನೆ.