ರಿಕನ್‌ಬ್ಯಾಕರ್ ಬೇಕಲೈಟ್ ಲ್ಯಾಪ್ ಸ್ಟೀಲ್: ಯುದ್ಧಕ್ಕೆ ಮುಂಚಿನದಾ?

ಹಂಸಧ್ವನಿ: ಇಲ್ಲಿ ಲಾಸ್ ಏಂಜಲೀಸ್‌ನ ಹಳೆ ವಾದ್ಯಗಳ ಅಂಗಡಿಯೊಂದರಲ್ಲಿ ರಿಕನ್‌ಬ್ಯಾಕರ್ ಮಾಡೆಲ್ ಬಿ ಲ್ಯಾಪ್ ಸ್ಟೀಲ್ ಗಿಟಾರ್ (ತೊಡೆಯ ಮೇಲಿಟ್ಟು, ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವಂಥದ್ದು) ಮಾರಾಟಕ್ಕಿದೆ. ಆರು ತಂತಿ, ಕಪ್ಪು ಬೇಕಲೈಟ್ (ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್) ಮೈ, ಮೇಲೆ ಬಿಳಿ ತಗಡು. "1938ರದ್ದು, ಎರಡನೇ ಮಹಾಯುದ್ಧಕ್ಕೆ ಮುಂಚಿನದು" ಅನ್ನುತ್ತಾರೆ. ಬೆಲೆಯೂ ಹಾಗೇ ಇದೆ. ನನಗೆ ರಾಗ ನುಡಿಸುವ ಆಸೆ. ಪಕ್ಕದಲ್ಲಿ ಎರಡು ತೂತು ಕೊರೆಸಿ ಚಿಕಾರಿ ತಂತಿ (ಲಯಕ್ಕೆ ಮೀಟುವ, ಷಡ್ಜಕ್ಕೆ ಕಟ್ಟುವ ಸಣ್ಣ ತಂತಿ) ಕಟ್ಟಿಸಬೇಕು ಅಂತಿದ್ದೇನೆ. ತಗೊಳ್ಳಲಾ?

ಹಳೇತಂತಿ: ಬಿಳಿ ತಗಡು ಅಂದ ಕೂಡಲೇ ಅನುಮಾನ ಬಂತು. ಮೊದಲ ವರ್ಷಗಳಲ್ಲಿ ಬಂದದ್ದು ಕ್ರೋಮ್ ತಗಡು. ಆದರೆ ತಗಡನ್ನು ಯಾರು ಬೇಕಾದರೂ ಬದಲಾಯಿಸಿರಬಹುದು, ತಂತಿಯ ಕಂಪನ ಹಿಡಿಯುವ ಪಿಕಪ್ ನೋಡಿ. ತಂತಿಗಳ ಮೇಲೆ ಕುದುರೆ ಲಾಳದ ಹಾಗೆ ಬಾಗಿರುವ ಎರಡು ಅಯಸ್ಕಾಂತ ಇರುತ್ತವೆ. ಅಗಲ ಅಳೆಯಿರಿ. ಒಂದೂವರೆ ಇಂಚಿದ್ದರೆ ಯುದ್ಧಕ್ಕೆ ಮುಂಚಿನದು, ಒಂದೂಕಾಲಿದ್ದರೆ ನಂತರದ್ದು.

ಮೀಂಡ್: ಕಾಲು ಇಂಚಿಗೆ ಅಷ್ಟೊಂದು ದುಡ್ಡಾ? ನನ್ನ ಹತ್ತಿರ ಇರುವುದು ಒಂದೂಕಾಲಿನದೇ. ಯಮನ್ ರಾಗದಲ್ಲಿ ನಿಷಾದದಿಂದ ಗಾಂಧಾರದವರೆಗೆ ಎಳೆದರೂ ನಾದ ಎಲ್ಲೂ ಕಡಿಯುವುದಿಲ್ಲ.

ಹಳೇತಂತಿ: ನುಡಿಸುವುದಕ್ಕೆ ಅದು ಸಾಕು, ಒಪ್ಪುತ್ತೇನೆ. ಆದರೆ ಒಂದೂಕಾಲಿನದಕ್ಕೆ ಒಂದೂವರೆಯ ಬೆಲೆ ಯಾಕೆ ಕೊಡಬೇಕು?

ಬೇಕಲೈಟ್‌ಪ್ರಿಯೆ: ತೂತಿನ ಮಾತು ಯಾರೂ ಎತ್ತಲಿಲ್ಲವಲ್ಲ! ದಯವಿಟ್ಟು ಕೊರೆಸಬೇಡಿ. ಬೇಕಲೈಟ್ ಮರ ಅಲ್ಲ, ಗಾಜಿನ ಥರ ಸೀಳುತ್ತದೆ. ನನ್ನದು ಪಾರ್ಸಲ್‌ನಲ್ಲಿ ಬರುವಾಗ ಬಿದ್ದು ಕುತ್ತಿಗೆಯ ಬುಡದಲ್ಲೇ ಬಿರುಕು ಬಿಟ್ಟಿತು. ಅಂಟು ಹಾಕಿಸಿದೆ, ಹಳೆಯ ನಾದ ವಾಪಸ್ ಬರಲಿಲ್ಲ. ಇದೇ ಕಂಪನಿಯ 1932ರ 'ಫ್ರೈಯಿಂಗ್ ಪ್ಯಾನ್' ಗಿಟಾರ್ ಅಲ್ಯೂಮಿನಿಯಂ ಎರಕದ್ದು. ವೇದಿಕೆಯ ದೀಪದ ಕಾವಿಗೇ ಅದರ ಶ್ರುತಿ ಜಾರುತ್ತಿತ್ತು. 1935ರಲ್ಲಿ ಬಂದ ಬೇಕಲೈಟ್‌ಗೆ ಆ ಕಾಟ ಕಡಿಮೆ. ಇಂಥ ಮೈಗೆ ಡ್ರಿಲ್ ಹಾಕಿಸುತ್ತೀರಾ?

ಹಂಸಧ್ವನಿ: ಚಿಕಾರಿ ಇಲ್ಲದೆ ಝಾಲಾ (ಚಿಕಾರಿಯನ್ನು ವೇಗವಾಗಿ ಮೀಟುತ್ತಾ ನುಡಿಸುವ ಭಾಗ) ಹೇಗೆ ಮೇಡಂ?

ಬೇಕಲೈಟ್‌ಪ್ರಿಯೆ: ಬೇಕೇ ಬೇಕು ಅಂದರೆ ಮರದ ಗಿಟಾರ್ ತಗೊಂಡು ಮಾಡಿಸಿ. ವಿಶ್ವಮೋಹನ ಭಟ್ಟರ ಮೋಹನವೀಣೆ ಆದದ್ದೂ ಹಾಗೇ ಅಲ್ವಾ.

ಮೀಂಡ್: ಇನ್ನೊಂದು ದಾರಿ ಇದೆ. ಹೊಟ್ಟೆಯ ಕಡೆಯ ದಪ್ಪ ತಂತಿ ತೆಗೆದು, ಅಲ್ಲಿ ಸಣ್ಣ ತಂತಿ ಹಾಕಿ ತಾರಷಡ್ಜಕ್ಕೆ ಕಟ್ಟಿ. ಮಂದ್ರ ಸ್ವಲ್ಪ ಕಡಿಮೆಯಾಗುತ್ತದೆ. ಬಾರ್ ಅದಕ್ಕೆ ತಾಗದ ಹಾಗೆ ಹಿಡಿಯುವುದನ್ನು ರೂಢಿ ಮಾಡಿಕೊಳ್ಳಬೇಕು. ನಾನು ಝಾಲಾ ನುಡಿಸುವುದು ಹೀಗೇ.

ಹಂಸಧ್ವನಿ: ಸಂಜೆ ಹೋಗಿ ಅಳೆದೆ. ಒಂದೂಕಾಲು! ಬೆಲೆ ಇಳಿಸಿದರೆ ತಗೊಳ್ಳುತ್ತೇನೆ ಅಂದೆ. ಶನಿವಾರ ಬನ್ನಿ ಅಂದಿದ್ದಾರೆ. ತೂತು ಕೊರೆಸುವುದಿಲ್ಲ. ಆ ಸಣ್ಣ ತಂತಿ ಯಾವ ಗೇಜ್?

ಮೀಂಡ್: ಹತ್ತು, ಅಂದರೆ 0.010 ಇಂಚು ದಪ್ಪ. ತಂತಿ ಕೂರುವ ಗೀರು ಅದಕ್ಕೆ ದೊಡ್ಡದಾಗಿ ತಂತಿ ಝುಮ್ಮೆಂದರೆ ಕಾಗದದ ಚೂರು ಮಡಚಿ ಕೆಳಗಿಡಿ.